ಹೋಂಸ್ಟೇ ವೆಬ್‌ಸೈಟಿನ ಫೋಟೊಗಳನ್ನು ಕಡಿಮೆ ಮಾಡದೆ ಪೇಜ್ ಬೇಗ ತೆರೆಯುವಂತೆ ಮಾಡುವುದು ಹೇಗೆ?

ನಿಮ್ಮದು ಸಕಲೇಶಪುರದ ಕಡೆಯ ಹೋಂಸ್ಟೇ, ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಸೈಟು. ಮುಖಪುಟದಲ್ಲಿ ಮೊಬೈಲಿನಲ್ಲೇ ತೆಗೆದ ಹನ್ನೆರಡು ಫೋಟೊಗಳಿವೆ. ಮನೆಯ ವೈಫೈನಲ್ಲಿ ಚೆನ್ನಾಗಿ ಬರುತ್ತದೆ, ದಾರಿಯಲ್ಲಿರುವ ಅತಿಥಿಗಳಿಗೆ ಮಾತ್ರ ತೆರೆಯುವುದೇ ಇಲ್ಲ ಅಂದಿದ್ದೀರಿ. ಫೋಟೊ ತೆಗೆದುಹಾಕುವ ಅಗತ್ಯವಿಲ್ಲ. ಹನ್ನೆರಡು ಹೆಚ್ಚೇನಲ್ಲ, ಒಂದೊಂದರ ಅಳತೆ ಹೆಚ್ಚಾಗಿದೆ.

ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಸುಮಾರು 4000×3000 ಪಿಕ್ಸೆಲ್, ಹತ್ತಿರ ಹತ್ತಿರ 4 ಎಂಬಿ. ಹನ್ನೆರಡಕ್ಕೆ 48 ಎಂಬಿ. ಘಾಟಿ ರಸ್ತೆಯಲ್ಲಿ 4 ಎಂಬಿಪಿಎಸ್ (ಸೆಕೆಂಡಿಗೆ ಅರ್ಧ ಎಂಬಿ) ವೇಗ ಸಿಕ್ಕಿತು ಅಂದುಕೊಂಡರೂ ಎಲ್ಲ ಇಳಿಯಲು 96 ಸೆಕೆಂಡು ಬೇಕು. ಇದರ ಜೊತೆಗೆ ಬಹಳ ಜನ ಹಾಕದ ಲೆಕ್ಕ ಇನ್ನೊಂದಿದೆ: ಪರದೆಗೆ ತರಲು ಬ್ರೌಸರ್ ಫೋಟೊವನ್ನು ಬಿಚ್ಚಬೇಕು, ಪೂರ್ತಿ ಅಳತೆಗೆ ಬಿಚ್ಚಿದರೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಮೆಮೊರಿ. ಒಂದೇ ಫೋಟೊಗೆ 48 ಎಂಬಿ ಆಯಿತು! ಫೈಲನ್ನು ಹಿಂಡಿ 300 ಕೆಬಿಗೆ ಇಳಿಸಿದರೂ ಈ ಹೊರೆ ಹಾಗೇ ಇರುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಸ್ಕ್ರೋಲ್ ಮಾಡುವಾಗ ತಡವರಿಸುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮೊದಲು ಅಳತೆ ಇಳಿಸಿ, ಫಾರ್ಮ್ಯಾಟ್ ಚರ್ಚೆ ಆಮೇಲೆ.

ಈಗಿನ ಬಹುತೇಕ ಫೋನುಗಳ ಪರದೆಯ ಅಗಲ 1080 ಪಿಕ್ಸೆಲ್ ಆಸುಪಾಸು. 1080×810ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಹದಿನಾಲ್ಕರಲ್ಲಿ ಒಂದು ಪಾಲಾಗುತ್ತವೆ. ಕಂಪ್ಯೂಟರಿನಲ್ಲಿ ನೋಡುವವರೂ ಇರುತ್ತಾರಲ್ಲ, ಅವರಿಗಾಗಿ 1600 ಅಗಲದ ಫೈಲ್ ಅಪ್‌ಲೋಡ್ ಮಾಡಿ. ಅದರಿಂದ 300, 768, 1024, 1536 ಅಗಲದ ಪ್ರತಿಗಳನ್ನು ವರ್ಡ್‌ಪ್ರೆಸ್ ತಾನೇ ಮಾಡಿಕೊಂಡು, ಪರದೆಗೆ ಹೊಂದುವುದನ್ನು ಬ್ರೌಸರ್ ಆರಿಸಿಕೊಳ್ಳಲು ಬಿಡುತ್ತದೆ.

ಎಡವಟ್ಟಾಗುವುದು ಇಲ್ಲೇ. ಮೂರು ಕಾಲಂ ಗ್ಯಾಲರಿಯಲ್ಲಿ ಫೋಟೊ ಕಾಣುವುದು ಪರದೆಯ ಮೂರನೇ ಒಂದು ಅಗಲದಲ್ಲಿ. ಆದರೆ ಇಮೇಜ್ ಟ್ಯಾಗಿನ (ಪೇಜಿನ ಕೋಡಿನಲ್ಲಿ ಫೋಟೊ ತೋರಿಸುವ ಸಾಲು) 'ಸೈಜಸ್' ಜಾಗದಲ್ಲಿ ಪೂರ್ತಿ ಅಗಲ ಅಂತ ಬರೆದಿದ್ದರೆ ಬ್ರೌಸರ್ ಅದನ್ನೇ ನಂಬಿ ದೊಡ್ಡ ಪ್ರತಿಯನ್ನೇ ತರುತ್ತದೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ಎಲಿಮೆಂಟ್ಸ್‌ನಲ್ಲಿ ಇಮೇಜ್ ಟ್ಯಾಗಿನ ವಿಳಾಸದ ಮೇಲೆ ಮೌಸ್ ಇಟ್ಟರೆ ಕಾಣುವ ಅಳತೆ, ಫೈಲಿನ ನಿಜವಾದ ಅಳತೆ ಎರಡೂ ಬರುತ್ತವೆ. ಎರಡು ಪಟ್ಟಿನವರೆಗೆ ವ್ಯತ್ಯಾಸ ಇರಲಿ, ದಟ್ಟ ಪರದೆಗಳಿಗೆ ಅಷ್ಟು ಬೇಕು. ಅದಕ್ಕಿಂತ ಹೆಚ್ಚಿದ್ದರೆ ದಂಡ.

ಫಾರ್ಮ್ಯಾಟ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಜೆಪೆಗ್‌ಗಿಂತ ಚಿಕ್ಕ ಫೈಲು ಕೊಡುವ ವೆಬ್‌ಪಿ ಸಾಕು. ವರ್ಡ್‌ಪ್ರೆಸ್ 5.8ರಿಂದ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಎವಿಐಎಫ್ ಎಂಬ ಇನ್ನೊಂದು ಫಾರ್ಮ್ಯಾಟಿನಲ್ಲಿ ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ಅದಕ್ಕೆ ವರ್ಡ್‌ಪ್ರೆಸ್ 6.5 ಬೇಕು, ಹೋಸ್ಟಿಂಗ್ ಸರ್ವರಿನಲ್ಲೂ ಸೌಲಭ್ಯ ಇರಬೇಕು. ಪರಿವರ್ತನೆಗೆ ಸ್ಕ್ವೂಶ್ ಎಂಬ ಸಾಧನ ಸಿಗುತ್ತದೆ, ಉಚಿತ. ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ, ಮಧ್ಯದ ಗೆರೆಯನ್ನು ಆಚೀಚೆ ಎಳೆದು ಮೂಲ ಫೋಟೊ ಜೊತೆ ಹೋಲಿಸಬಹುದು.

ಕ್ವಾಲಿಟಿ (ಫೋಟೊವನ್ನು ಎಷ್ಟು ಹಿಂಡಬೇಕೆಂದು ಹೇಳುವ 0–100ರ ಅಂಕಿ) ಎಷ್ಟಿಡಬೇಕು ಎಂಬುದಕ್ಕೆ ಎಲ್ಲ ಫೋಟೊಗೂ ಒಂದೇ ಅಂಕಿ ಇಲ್ಲ, ನಿಮ್ಮ ಕಡೆಯ ಫೋಟೊಗಳಲ್ಲಂತೂ ಇದು ಎದ್ದು ಕಾಣುತ್ತದೆ. ಕಾಫಿ ತೋಟದ ಫೋಟೊದಲ್ಲಿ ಒಂದೊಂದು ಎಲೆಯ ಅಂಚೂ ಬೇರೆ, ಅಷ್ಟು ವಿವರ ಇರುವುದರಿಂದ ಫೈಲು ದಪ್ಪವಾಗುತ್ತದೆ. ಆದರೆ ಅದೇ ಎಲೆಗಳ ಗಜಿಬಿಜಿಯಲ್ಲಿ ಕೆಟ್ಟದ್ದು ಕಣ್ಣಿಗೆ ಬೀಳುವುದಿಲ್ಲ. ಧೈರ್ಯವಾಗಿ 65–70ಕ್ಕೆ ಇಳಿಸಿ. ಬೆಳಗಿನ ಮಂಜು, ಖಾಲಿ ಆಕಾಶ ಇದಕ್ಕೆ ಉಲ್ಟಾ. ಫೈಲು ಮೊದಲೇ ಚಿಕ್ಕದು, ಆದರೆ ಕ್ವಾಲಿಟಿ ಇಳಿಸಿದ ಕೂಡಲೇ ನುಣುಪಾದ ಬೂದು ಬಣ್ಣದಲ್ಲಿ ಪಟ್ಟೆಪಟ್ಟೆ ಏಳುತ್ತದೆ. ಅಲ್ಲಿ 85 ಇರಲಿ.

ಫೋಟೊದೊಳಗಿನ ಎಕ್ಸಿಫ್ ಮಾಹಿತಿಯನ್ನು (ಕ್ಯಾಮೆರಾ ತಾನೇ ಬರೆದಿಡುವ ವಿವರ) ತೆಗೆಯುವುದು ಒಳ್ಳೆಯದು, ತೆಗೆದ ಜಾಗದ ಜಿಪಿಎಸ್ ಕೂಡ ಅದರಲ್ಲಿರಬಹುದು. ಆದರೆ ಫೋಟೊ ಯಾವ ಕಡೆಗೆ ತಿರುಗಬೇಕು ಎಂಬುದೂ ಅಲ್ಲೇ ಇರುತ್ತದೆ. ತಿರುಗಿಸಿ ಉಳಿಸದೆ ಬರೀ ಮಾಹಿತಿ ತೆಗೆದರೆ ನಿಂತ ಫೋಟೊ ಮಲಗುತ್ತದೆ. ಐಫೋನ್ ಫೋಟೊಗಳನ್ನು ಮೊದಲು ಎಸ್‌ಆರ್‌ಜಿಬಿಗೆ (ವೆಬ್‌ನ ಸಾಮಾನ್ಯ ಬಣ್ಣದ ಮಾನದಂಡ) ಬದಲಿಸಿಕೊಳ್ಳಿ. ಬರೀ ಕಲರ್ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂಬ ಮಾಹಿತಿ) ಕಿತ್ತು ಹಾಕಿದರೆ ಹಸಿರು ಕಳೆಗುಂದುತ್ತದೆ.

ಇನ್ನು ಪೇಜಿನ ಮೇಲ್ತುದಿಯ ದೊಡ್ಡ ಫೋಟೊ. ಅತಿಥಿ ಕಾಯುವುದು ಅದಕ್ಕೇ. ಪೇಜಿನ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂದು ಗೂಗಲ್ ಅಳೆಯುವುದೂ ಹೆಚ್ಚಾಗಿ ಇದನ್ನೇ. ಲೇಜಿ ಲೋಡ್ (ಸ್ಕ್ರೋಲ್ ಮಾಡಿ ಹತ್ತಿರ ಬಂದಾಗ ಮಾತ್ರ ಫೋಟೊ ತರುವುದು) ಪ್ಲಗಿನ್ ಹಾಕಿದ್ದರೆ ಈ ಒಂದನ್ನು ಅದರಿಂದ ಹೊರಗಿಡಿ, ಉಳಿದವಕ್ಕೆ ಲೇಜಿ ಇರಲಿ. ಪೇಜ್ ಬಿಲ್ಡರಿನಲ್ಲಿ ಇದನ್ನು ಬ್ಯಾಕ್‌ಗ್ರೌಂಡ್ ಇಮೇಜ್ ಆಗಿ ಕೊಟ್ಟಿದ್ದರೆ ಮಾಮೂಲಿ ಇಮೇಜ್ ಮಾಡಿ. ಬ್ಯಾಕ್‌ಗ್ರೌಂಡ್ ಫೋಟೊ ಸಿಎಸ್‌ಎಸ್ (ಪೇಜಿನ ವಿನ್ಯಾಸದ) ಫೈಲಿನಲ್ಲಿದ್ದರೆ, ಆ ಫೈಲು ಬರುವವರೆಗೆ ಇಂಥದ್ದೊಂದು ಫೋಟೊ ಇದೆ ಎಂಬುದೇ ಬ್ರೌಸರಿಗೆ ತಿಳಿದಿರುವುದಿಲ್ಲ. ಒಂದಾದ ಮೇಲೊಂದು ಫೋಟೊ ಸರಿಯುವ ಸ್ಲೈಡರ್ ಇದ್ದರೆ ತೆಗೆದುಬಿಡಿ ಎಂಬುದು ನನ್ನ ಅಭಿಪ್ರಾಯ. ಬಹಳ ಜನ ನೋಡುವುದು ಮೊದಲನೆಯದನ್ನು, ಡೇಟಾ ಹೋಗುವುದು ಎಲ್ಲದಕ್ಕೂ.

ಪ್ರತಿ ಇಮೇಜ್ ಟ್ಯಾಗಿಗೂ ಅಗಲ–ಎತ್ತರದ ಅಂಕಿ ಇರಲಿ. ಇಲ್ಲದಿದ್ದರೆ ಫೋಟೊ ಬಂದಾಗಲೆಲ್ಲ ಕೆಳಗಿನದ್ದು ಜಿಗಿದು, ಫೋನ್ ನಂಬರ್ ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ.

ಹೋಂಸ್ಟೇ ಹೆಸರು, ದರ ಇವನ್ನು ಫೋಟೊದ ಮೇಲೇ ಕನ್ನಡದಲ್ಲಿ ಬರೆಸಿದ್ದರೆ ಅದನ್ನೂ ತೆಗೆಸಿ. ಹಿಂಡಿದಾಗ ಮೊದಲು ಕಲಸಿಹೋಗುವುದು ಒತ್ತಕ್ಷರಗಳೇ, ಚಿಕ್ಕ ಪರದೆಯಲ್ಲಂತೂ ಓದಲಾಗುವುದಿಲ್ಲ. ಬರಹವನ್ನು ಫೋಟೊ ಮೇಲೆ ಟೆಕ್ಸ್ಟ್ ಆಗಿಯೇ ಇಡಿ. ಲೋಗೊ ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಆಗಿದ್ದರೆ ಒಳ್ಳೆಯದು.

ಮೇಲಿನ ಫೋಟೊ 120 ಕೆಬಿ, ಉಳಿದ ಹನ್ನೊಂದು ತಲಾ 60 ಕೆಬಿ ಸುತ್ತ ನಿಂತರೆ ಫೋನಿನಲ್ಲಿ ಒಟ್ಟು 780 ಕೆಬಿ. ಅದೇ 4 ಎಂಬಿಪಿಎಸ್‌ನಲ್ಲಿ ಎರಡು ಸೆಕೆಂಡಿನೊಳಗೆ ಇಳಿಯುತ್ತದೆ. ಪರೀಕ್ಷಿಸುವಾಗ ಎಫ್12ರ ನೆಟ್‌ವರ್ಕ್ ವಿಭಾಗದಲ್ಲಿ 'ಡಿಸೇಬಲ್ ಕ್ಯಾಶೆ' ಗುರುತು ಹಾಕಿ, ವೇಗವನ್ನು 'ಸ್ಲೋ 4ಜಿ'ಗೆ ಇಡಿ. ನಿಮ್ಮ ಬ್ರೌಸರಿನಲ್ಲಿ ಫೋಟೊಗಳು ಆಗಲೇ ಕೂತಿರುತ್ತವೆ, ಹಾಗೇ ನೋಡಿದರೆ ಎಲ್ಲ ಸರಿಯಿದೆ ಅನಿಸುತ್ತದೆ. ಹೊಸ ಫೋಟೊಗಳಿಗೆ ಹೊಸ ಫೈಲ್ ಹೆಸರನ್ನೇ ಕೊಡಿ. ಹಳೆಯ ಹೆಸರಿನಲ್ಲೇ ಹಾಕಿದರೆ ಒಮ್ಮೆ ಬಂದು ಹೋದವರಿಗೆ ಹಳೆಯ ಫೋಟೊವೇ ಕಾಣುತ್ತಿರಬಹುದು.