ವರ್ಕೌಟ್ ಜೋರಾಗಿದೆ, ಊಟ ಸಾಕಾಗ್ತಿದೆಯಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಎತ್ತರ 162 ಸೆಂ.ಮೀ., ತೂಕ 58 ಕೆ.ಜಿ. ವಿಡಿಯೊ ನೋಡಿಕೊಂಡು ಮನೆಯಲ್ಲೇ 12 ವಾರಗಳ ವರ್ಕೌಟ್ ಮಾಡುತ್ತಿದ್ದೇನೆ. ವಾರಕ್ಕೆ ಆರು ದಿನ, ದಿನಕ್ಕೆ 45 ನಿಮಿಷ. ಬರ್ಪಿ, ಜಂಪ್ ಸ್ಕ್ವಾಟ್, ಪುಷ್-ಅಪ್ ಎಲ್ಲ ಇದೆ. ಮೊಬೈಲ್ ಆಪ್ ದಿನಕ್ಕೆ 1200 ಕ್ಯಾಲೊರಿ ಎಂದು ಹೇಳಿದೆ. ಅದನ್ನು ಮೀರದ ಹಾಗೆ ತಿನ್ನುತ್ತಿದ್ದೇನೆ. ಮೊದಲ ಮೂರು ವಾರ ತೂಕ ಇಳಿಯಿತು. ಈಗ ಆರನೇ ವಾರ, ತೂಕ ನಿಂತುಬಿಟ್ಟಿದೆ. ಮೊದಲು ಆರಾಮಾಗಿ ಮುಗಿಸುತ್ತಿದ್ದ ಸೆಟ್ ಅರ್ಧಕ್ಕೇ ಕೈಬಿಡುತ್ತೇನೆ. ನಡುರಾತ್ರಿ ಎಚ್ಚರವಾಗುತ್ತದೆ. ಯಾವಾಗಲೂ ಚಳಿ. ಮುಟ್ಟು ಮೂರು ವಾರ ತಡವಾಗಿದೆ. ಇನ್ನೊಂದು 100 ಕ್ಯಾಲೊರಿ ಕಡಿಮೆ ಮಾಡಲಾ?
– ಹೆಸರು ಬೇಡ

ಉತ್ತರ: ಬೇಡ. ದಯವಿಟ್ಟು ಒಂದು ತುತ್ತೂ ಕಡಿಮೆ ಮಾಡಬೇಡಿ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಸುಸ್ತು, ನಿದ್ದೆ, ಚಳಿ, ಮುಟ್ಟು ಅಂತ ನೀವು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಅವೆಲ್ಲ ಒಂದೇ ತೊಂದರೆಯ ಹಾಗೆ ಕಾಣುತ್ತಿದೆ. ನೀವು ತಿನ್ನುವುದು ಸಾಲುತ್ತಿಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ, ಪೆನ್ನು ತೆಗೆದುಕೊಳ್ಳಿ. ದಿನವಿಡೀ ಮಲಗಿದ್ದರೂ ಹೃದಯ, ಮೆದುಳು, ಲಿವರ್ ನಡೆಯುವುದಕ್ಕೆ ಶಕ್ತಿ ಬೇಕಲ್ವಾ? ಅದನ್ನು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜೋರ್ ಸೂತ್ರವನ್ನು ನಾವು ಬಳಸುತ್ತೇವೆ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಸೇರಿಸಬೇಕು. ನಿಮಗೆ ಬರುವ ಉತ್ತರ ಸುಮಾರು 1300. ಅಂದರೆ ಹಾಸಿಗೆಯಿಂದ ಏಳದಿದ್ದರೂ ನಿಮಗೆ ಬೇಕಾಗುವುದಕ್ಕಿಂತ 100 ಕ್ಯಾಲೊರಿ ಕಡಿಮೆ ತಿಂದು ನೀವು ಬರ್ಪಿ ಹೊಡೆಯುತ್ತಿದ್ದೀರಿ. ನಿಮ್ಮಷ್ಟು ವ್ಯಾಯಾಮ ಮಾಡುವವರಿಗೆ ಆ 1300ನ್ನು 1.55ರಿಂದ ಗುಣಿಸಬೇಕು. ಆಗ 2000 ದಾಟುತ್ತದೆ. ಆ 1200 ಎಂಬ ಅಂಕಿಯನ್ನು ಎಷ್ಟೋ ಜನರ ಊಟದ ಡೈರಿಯಲ್ಲಿ ನೋಡಿದ್ದೇನೆ. ಬೇರೆ ಬೇರೆ ಎತ್ತರ, ಬೇರೆ ಬೇರೆ ಕೆಲಸ, ಆದರೆ ಎಲ್ಲರಿಗೂ ಅದೇ 1200! ನನಗೆ ಅದನ್ನು ನೋಡಿದರೆ ಸಿಟ್ಟೇ ಬರುತ್ತದೆ.

ಇನ್ನೊಂದು ಲೆಕ್ಕವೂ ಇದೆ, ಅದು ಇದಕ್ಕಿಂತ ಮುಖ್ಯ. ನಿಮ್ಮ 45 ನಿಮಿಷಕ್ಕೆ ಸುಮಾರು 350 ಕ್ಯಾಲೊರಿ ಖರ್ಚಾಗುತ್ತದೆ. 1200ರಲ್ಲಿ ಅದನ್ನು ಕಳೆದರೆ ಮಿಕ್ಕ ಕೆಲಸಕ್ಕೆಲ್ಲ ಉಳಿಯುವುದು 850. ಕೊಬ್ಬು ಬಿಟ್ಟು ನಿಮ್ಮ ದೇಹ 42 ಕೆ.ಜಿ. ಇದೆ ಎಂದುಕೊಳ್ಳೋಣ. ಆಗ ಕೆ.ಜಿ.ಗೆ ಬರುವುದು ಬರೀ 20 ಕ್ಯಾಲೊರಿ. ಇದು 45ರ ಆಸುಪಾಸಿನಲ್ಲಿದ್ದರೆ ಚೆನ್ನ. 30ಕ್ಕಿಂತ ಕೆಳಗೆ ಹೋದರೆ ಹಾರ್ಮೋನುಗಳು ಏರುಪೇರಾಗುವ ಅಪಾಯ ಜಾಸ್ತಿ. ಶಕ್ತಿ ಸಾಲದಾಗ ದೇಹ ಮೊದಲು ಮುಂದೂಡುವ ಕೆಲಸಗಳಲ್ಲಿ ಮುಟ್ಟು ಒಂದು. ಮೈ ಬೆಚ್ಚಗಿಡುವುದರಲ್ಲೂ ಅದು ಉಳಿತಾಯ ಮಾಡುತ್ತದೆ. ನಿಮಗೇ ಗೊತ್ತಾಗದ ಹಾಗೆ ಓಡಾಟ ಕಡಿಮೆಯಾಗಿ ಕೂರುವುದು ಜಾಸ್ತಿಯಾಗುತ್ತದೆ. ತೂಕ ನಿಂತದ್ದಕ್ಕೆ ಇದೂ ಒಂದು ಕಾರಣ. ಮೈಯಲ್ಲಿ ನೀರು ನಿಂತಿರುವುದು ಇನ್ನೊಂದು ಕಾರಣ ಇರಬಹುದು.

ಇದು ಬರೀ ಹೆಂಗಸರ ತೊಂದರೆಯಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' (ವ್ಯಾಯಾಮಕ್ಕೆ ತಕ್ಕಷ್ಟು ತಿನ್ನದೆ ಆಗುವ ಶಕ್ತಿಯ ಕೊರತೆ) ಎಂದು ಹೆಸರಿಟ್ಟು, ಗಂಡು ಹೆಣ್ಣು ಇಬ್ಬರಲ್ಲೂ ಇದು ಬರುತ್ತದೆ ಎಂದು ಹೇಳಿತು. ಹಳೆಯ ಉದಾಹರಣೆಯೂ ಇದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ವಾರಕ್ಕೆ 35 ಕಿಲೋಮೀಟರ್ ನಡಿಗೆ ಬೇರೆ. ಅವರೂ ಚಳಿ ಎಂದರು, ಸುಸ್ತು ಎಂದರು, ಮನಸ್ಸು ಕುಗ್ಗಿತು, ತಲೆ ತುಂಬ ಊಟದ್ದೇ ಯೋಚನೆ. ಅವರಿಗೆ ಕೊಡುತ್ತಿದ್ದದ್ದು ದಿನಕ್ಕೆ ಸುಮಾರು 1570 ಕ್ಯಾಲೊರಿ. ಅವರು ನಿಮಗಿಂತ ದೊಡ್ಡ ಮೈಯವರು, ನಿಜ. ಆದರೂ ನಿಮ್ಮ 1200ನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಈಗ ಏನು ಮಾಡಬೇಕು? ಮೊದಲು ಡಾಕ್ಟರ್ ಹತ್ತಿರ ಹೋಗಿ. ಮುಟ್ಟು ತಡವಾಗಲು ಬೇರೆ ಕಾರಣಗಳೂ ಇರಬಹುದು. ಗರ್ಭದ ಸಾಧ್ಯತೆ ಇದ್ದರೆ ಆ ಪರೀಕ್ಷೆ ಮೊದಲು ಆಗಲಿ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಈಸ್ಟ್ರೊಜೆನ್ ಇಳಿದು ಮೂಳೆ ಸವೆಯುತ್ತದೆ. ಹಾಗಾಗಿ ತಾನಾಗೇ ಸರಿಹೋಗುತ್ತದೆ ಅಂತ ಸುಮ್ನೆ ಕಾಯಬೇಡಿ.

ಈ ವಾರದಿಂದಲೇ 1600ಕ್ಕೆ ಬನ್ನಿ. ಆಮೇಲೆ ವಾರಕ್ಕೆ 150ರಿಂದ 200ರಷ್ಟು ಸೇರಿಸುತ್ತಾ 2000 ದಾಟಿಸಿ. ನಿದ್ದೆ ಮತ್ತು ಮುಟ್ಟು ಸರಿಹೋಗುವವರೆಗೆ ಹಾರುವ, ಜಿಗಿಯುವ ವ್ಯಾಯಾಮ ಬಿಟ್ಟು ವಾರಕ್ಕೆ ಮೂರೇ ದಿನ ಮಾಡಿ. 12 ವಾರದ ಕೋರ್ಸ್ 16 ವಾರ ಆದರೆ ಆಗಲಿ ಬಿಡಿ.

ಆ 2000 ಹೇಗಿರಬೇಕು? ಪ್ರೋಟೀನ್ ಕೆ.ಜಿ.ಗೆ 1.6 ಗ್ರಾಂನಂತೆ ಸುಮಾರು 93 ಗ್ರಾಂ. ಕೊಬ್ಬು 60 ಗ್ರಾಂ. ಮಿಕ್ಕಿದ್ದು ಕಾರ್ಬ್ಸ್, 270 ಗ್ರಾಂ ಆಸುಪಾಸು. ಇದನ್ನು ನೋಡಿ ಗಾಬರಿಯಾಗಬೇಡಿ. ಜಿಗಿತ, ಪುಷ್-ಅಪ್‌ನಂಥ ಜೋರು ಕೆಲಸಕ್ಕೆ ಸ್ನಾಯು ಮೊದಲು ಹುಡುಕುವುದು ತನ್ನಲ್ಲಿ ಕೂಡಿಟ್ಟ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನನ್ನು. ಅದು ತುಂಬುವುದು ಕಾರ್ಬ್ಸ್‌ನಿಂದ. ನಿಮ್ಮ ಸೆಟ್ ಅರ್ಧಕ್ಕೆ ನಿಲ್ಲುವುದು ಮನೋಬಲ ಕಡಿಮೆಯಾಗಿ ಅಲ್ಲ, ಆ ದಾಸ್ತಾನು ಖಾಲಿಯಾಗಿ. ವರ್ಕೌಟ್‌ಗೆ ಎರಡು ಮೂರು ಗಂಟೆ ಮೊದಲು ಸರಿಯಾಗಿ ಊಟ ಮಾಡಿ. ಬೆಳಗ್ಗೆ ಎದ್ದ ತಕ್ಷಣ ಮಾಡುವವರಾದರೆ ಒಂದು ಬಾಳೆಹಣ್ಣಾದರೂ ತಿನ್ನಿ. ಮುಗಿದ ಮೇಲೆ ಒಂದೆರಡು ಗಂಟೆಯೊಳಗೆ ಮತ್ತೆ ಊಟ ಇರಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಹಿಂದೆ ಸರಿಯುವುದು ಇಲ್ಲೇ. ಮೊದಲ ವಾರ ತೂಕ ಒಂದು ಕೆ.ಜಿ.ಗೂ ಜಾಸ್ತಿ ಏರಬಹುದು. ಅದು ಕೊಬ್ಬಲ್ಲ. ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಖಾಲಿಯಾಗಿದ್ದದ್ದು ತುಂಬುತ್ತಿದೆ, ಅಷ್ಟೇ. ಒಂದು ಕೆ.ಜಿ. ಕೊಬ್ಬು ಸೇರಬೇಕಾದರೆ ನಿಮ್ಮ ಅಗತ್ಯ ಮೀರಿ 7700 ಕ್ಯಾಲೊರಿ ತಿನ್ನಬೇಕು. 1600 ತಿಂದು ಅದು ಆಗುವ ಮಾತಲ್ಲ. ಅಷ್ಟಾದರೂ ಊಟ ಜಾಸ್ತಿ ಮಾಡುವ ಯೋಚನೆಗೇ ಭಯ ಆಗುತ್ತಿದ್ದರೆ ಆ ಭಯವನ್ನೂ ಡಾಕ್ಟರ್ ಹತ್ತಿರ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ: ನನಗೆ 31 ವರ್ಷ, 178 ಸೆಂ.ಮೀ., 68 ಕೆ.ಜಿ. ಮನೆಯಲ್ಲೇ ಡಂಬೆಲ್ ವರ್ಕೌಟ್, ಜೊತೆಗೆ ದಿನಾ ಓಟ. ಮೈ ತುಂಬಿಸಿಕೊಳ್ಳಬೇಕು ಅಂತ ಶುರು ಮಾಡಿದರೆ ಎರಡು ಕೆ.ಜಿ. ಇಳಿದಿದ್ದೇನೆ. ಹೊಟ್ಟೆ ತುಂಬ ತಿನ್ನುತ್ತೇನೆ, ಎಣ್ಣೆ ಮುಟ್ಟಲ್ಲ, ತರಕಾರಿ ಜಾಸ್ತಿ. ವರ್ಕೌಟ್ ಮುಗಿದರೆ ಹಸಿವೇ ಇರಲ್ಲ. ಏನು ಮಾಡಲಿ?

ಉತ್ತರ: ಮೇಲಿನ ಸೂತ್ರದಲ್ಲಿ ನಿಮಗೆ ಸುಮಾರು 1640 ಬರುತ್ತದೆ. ನಿಮ್ಮ ಶ್ರಮಕ್ಕೆ 1.725ರಿಂದ ಗುಣಿಸಿದರೆ 2800 ದಾಟುತ್ತದೆ. ತೂಕ ಏರಬೇಕಾದರೆ ಅದರ ಮೇಲೆ ಇನ್ನೊಂದು 250 ಬೇಕು. ಬೇಯಿಸಿದ ತರಕಾರಿ ತಿಂದು 3000 ಮುಟ್ಟುವುದು ಬಹಳ ಕಷ್ಟ, ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ತರಕಾರಿ ಬಿಡಿ ಅಂತ ಹೇಳುತ್ತಿಲ್ಲ. ಎಣ್ಣೆಯ ಮೇಲಿನ ದ್ವೇಷ ಬಿಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ಕಾರ್ಬ್ಸ್, ಪ್ರೋಟೀನ್ ಎರಡೂ ಕೊಡುವುದು 4.

ಜೋರು ವ್ಯಾಯಾಮದ ನಂತರ ಸ್ವಲ್ಪ ಹೊತ್ತು ಹಸಿವಿನ ಹಾರ್ಮೋನು ಗ್ರೆಲಿನ್ ಇಳಿದಿರುತ್ತದೆ. ಹಾಗಾಗಿ ಹಸಿವಾಗದಿರುವುದು ಸಹಜ. ಆಗ ಅಗಿಯುವುದಕ್ಕಿಂತ ಕುಡಿಯುವುದು ಸುಲಭ. ಕಾಲು ಲೀಟರ್ ಕೆನೆ ತೆಗೆಯದ ಹಾಲು, ಎರಡು ಬಾಳೆಹಣ್ಣು, ಎರಡು ದೊಡ್ಡ ಚಮಚ ಪೀನಟ್ ಬಟರ್ ಮಿಕ್ಸಿಗೆ ಹಾಕಿ. ಹತ್ತಿರ ಹತ್ತಿರ 550 ಕ್ಯಾಲೊರಿ ಒಂದೇ ಲೋಟದಲ್ಲಿ. ಹಸಿವಾಗಲಿ ಎಂದು ಕಾಯದೆ ಗಡಿಯಾರ ನೋಡಿ ತಿನ್ನಿ. ದಿನಾ ಓಟ ಬೇಕೇ ಬೇಕಾ ಎಂದೂ ಯೋಚಿಸಿ. ಮೈ ತುಂಬಿಸಿಕೊಳ್ಳುವುದೇ ಗುರಿಯಾದರೆ ವಾರಕ್ಕೆ ಎರಡು ದಿನ ಓಡಿದರೆ ಸಾಕು.

ಪ್ರಶ್ನೆ: 45 ನಿಮಿಷದ ವರ್ಕೌಟ್‌ಗೆ 700 ಕ್ಯಾಲೊರಿ ಕರಗಿದೆ ಎಂದು ನನ್ನ ವಾಚ್ ತೋರಿಸುತ್ತದೆ. ನನ್ನ ತೂಕ 70 ಕೆ.ಜಿ. ಅಷ್ಟನ್ನೂ ತಿರುಗಿ ತಿನ್ನಬಹುದಾ?

ಉತ್ತರ: ಆ ಅಂಕಿಯನ್ನು ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಬಹುಪಾಲು ಸರಿಯಾಗಿ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ನಿಮ್ಮ ತೂಕಕ್ಕೆ 45 ನಿಮಿಷ ಜೋರಾಗಿ ಮಾಡಿದರೆ 420ರ ಹತ್ತಿರ ಆಗಬಹುದು. ಅಲ್ಲದೆ 1.55 ಅಂತ ಗುಣಿಸಿ ಲೆಕ್ಕ ಹಾಕಿದ್ದರೆ ವರ್ಕೌಟ್ ಅದರಲ್ಲಿ ಆಗಲೇ ಸೇರಿದೆ, ಮತ್ತೆ ಕೂಡಿಸಬಾರದು. ದಿನಾ ಬೆಳಗ್ಗೆ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ತೂಕ ಇಳಿಸುವ ಉದ್ದೇಶ ಇಲ್ಲದೆಯೂ ಎರಡು ವಾರ ಸತತವಾಗಿ ಸರಾಸರಿ ಇಳಿದರೆ ದಿನಕ್ಕೆ 200 ಕ್ಯಾಲೊರಿ ಸೇರಿಸಿ, ಮತ್ತೆರಡು ವಾರ ನೋಡಿ.