ಇಟಲಿಯ ಮೊಂತೆರಿಜ್ಜೋನಿ ಕೋಟೆಯ ಇತಿಹಾಸವೇನು, ಅಲ್ಲಿ ನೋಡುವಂಥದ್ದೇನಿದೆ?

ಟಸ್ಕನಿ ಪ್ರಾಂತ್ಯದ ಸಿಯೆನಾ ನಗರದಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಒಂದು ಪುಟ್ಟ ಗುಡ್ಡದ ನೆತ್ತಿಯ ಮೇಲೆ ಮೊಂತೆರಿಜ್ಜೋನಿ ನಿಂತಿದೆ. ಇದು ಊರೊಂದು ಬೆಳೆದ ಮೇಲೆ ಕಟ್ಟಿದ ಕೋಟೆಯಲ್ಲ. ತನ್ನ ಕಡುವೈರಿಯಾದ ಫ್ಲಾರೆನ್ಸ್ ದಂಡೆತ್ತಿ ಬರುವ ದಾರಿಯನ್ನು ಕಾಯಲೆಂದೇ ಸಿಯೆನಾ ಗಣರಾಜ್ಯವು 1213ರಿಂದ 1219ರ ನಡುವೆ ಕಟ್ಟಿಸಿದ ಗಡಿಠಾಣೆ.

ಇದರ ನಿಜವಾದ ಸೊಬಗಿರುವುದು ಗೋಡೆಯಲ್ಲಿ. ಗುಡ್ಡದ ಏರಿಳಿತವನ್ನೇ ಅನುಸರಿಸಿ ಸುಮಾರು 570 ಮೀಟರ್ ಉದ್ದಕ್ಕೆ ದುಂಡಾಗಿ ಸುತ್ತುವರಿದಿರುವ ಈ ಗೋಡೆಯಲ್ಲಿ 14 ಚೌಕ ಬುರುಜುಗಳಿವೆ. ಅವು ಹಿಂದೆ ಈಗಿರುವುದಕ್ಕಿಂತ ಎತ್ತರವಾಗಿದ್ದವು; ಕವಿ ಡಾಂಟೆ ತನ್ನ ಮಹಾಕಾವ್ಯದ ನರಕಖಂಡದಲ್ಲಿ, ಪಾತಾಳಕೂಪದ ಅಂಚಿನಲ್ಲಿ ಸುತ್ತಲೂ ನಿಂತ ದೈತ್ಯರನ್ನು ಈ ಬುರುಜುಗಳಿಗೇ ಹೋಲಿಸಿದ್ದಾನೆ. ದೂರದಿಂದ ಕೋಟೆಯನ್ನು ನೋಡಿದವರಿಗೆ ಆ ಹೋಲಿಕೆ ಎಷ್ಟು ಸಹಜವಾದದ್ದೆಂದು ಕೂಡಲೇ ಮನದಟ್ಟಾಗುತ್ತದೆ.

1554ರಲ್ಲಿ, ಫ್ಲಾರೆನ್ಸಿನಿಂದ ಗಡೀಪಾರಾಗಿ ಬಂದು ಸಿಯೆನಾ ಪರವಾಗಿ ಕೋಟೆ ಕಾಯುತ್ತಿದ್ದ ಜೊವಾನ್ನಿನೊ ಜೆತಿ ಎಂಬ ದಳಪತಿ ಅದನ್ನು ಶತ್ರುಗಳಿಗೆ ಒಪ್ಪಿಸಿಬಿಟ್ಟನು. ಮರುವರ್ಷ ಸಿಯೆನಾ ಕೂಡ ಶರಣಾಯಿತು.

ಒಳಗೆ ಒಂದು ಚೌಕ, ಅದರ ಅಂಚಿಗೆ ಸಂತ ಮೇರಿಯ ಸರಳವಾದ ಇಗರ್ಜಿ, ಕೆಲವೇ ಕಲ್ಲುಮನೆಗಳು. ಇಷ್ಟನ್ನು ನೋಡಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಗೋಡೆಯ ಮೇಲೆ ನಡೆಯಲು ಅವಕಾಶವಿರುವ ಭಾಗವನ್ನು ಮಾತ್ರ ಬಿಡಬಾರದು. ಯಾತ್ರಿಕರು ರೋಮಿಗೆ ಸಾಗುತ್ತಿದ್ದ ಪ್ರಾಚೀನ ಫ್ರಾಂಚಿಜೆನಾ ಮಾರ್ಗ ಇಲ್ಲಿಯೇ ಹಾದುಹೋಗುತ್ತದೆ. ಊರಿನ ಎರಡು ಹೆಬ್ಬಾಗಿಲುಗಳಲ್ಲಿ ಒಂದು ರೋಮಿನ ದಿಕ್ಕಿಗೂ ಇನ್ನೊಂದು ಫ್ಲಾರೆನ್ಸಿನ ದಿಕ್ಕಿಗೂ ತೆರೆದುಕೊಳ್ಳುತ್ತವೆ.