ಹಾರ್ವೆಸ್ಟರ್‌ಗೆ ಬೆಂಕಿ ಹತ್ತದಿರಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇಸಿಗೆ ಭತ್ತದ ಕಟಾವಿನಲ್ಲಿ ನಮ್ಮ ಹಾರ್ವೆಸ್ಟರ್‌ನ ಎಂಜಿನ್ ಕಡೆಯಿಂದ ಎರಡು ಸಲ ಸುಟ್ಟ ವಾಸನೆ ಬಂದು ಹೊಗೆ ಎದ್ದಿತು. ಎರಡೂ ಸಲ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಹೊತ್ತಿನಲ್ಲೇ! ವೈರಿಂಗ್ ಸರಿ ಇದೆ, ಡೀಸೆಲ್ ಸೋರುತ್ತಿಲ್ಲ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗಾದರೆ ಹೊಗೆ ಬಂದದ್ದು ಎಲ್ಲಿಂದ? – ಓದುಗರು, ಗಂಗಾವತಿ

ಉತ್ತರ: ಹೆಚ್ಚಾಗಿ ಹೊಟ್ಟಿನಿಂದ. ‘ನಿಲ್ಲಿಸಿದ ಮೇಲೆ’ ಎಂದು ನೀವು ಬರೆದಿರುವುದೇ ಅದರ ಸುಳಿವು. ಪೂರ್ತಿ ಲೋಡಿನಲ್ಲಿ ಓಡುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಕೊಳವೆ) ಮತ್ತು ಟರ್ಬೊದ (ಆ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಮೈ 400 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಒಣ ಹುಲ್ಲಿನ ಪುಡಿ ಕೆಂಡವಾಗಲು ಅಷ್ಟು ಕಾವು ಬೇಕಿಲ್ಲ, 250–300 ಡಿಗ್ರಿ ಸಾಕು. ಗಾಡಿ ಓಡುತ್ತಿರುವಾಗ ಫ್ಯಾನಿನ ಗಾಳಿ ಕಾವನ್ನು ಒಯ್ಯುತ್ತಿರುತ್ತದೆ. ಎಂಜಿನ್ ಬಂದ್ ಮಾಡಿದ ಕ್ಷಣ ಗಾಳಿ ನಿಲ್ಲುತ್ತದೆ, ಒಳಗಿನ ಕಾವು ಹೊರಗೆ ಹಬ್ಬುತ್ತದೆ. ಮೇಲೆ ಕೂತ ಹೊಟ್ಟು ಕಂಬಳಿಯ ಹಾಗೆ ಅದನ್ನು ಹಿಡಿದಿಡುತ್ತದೆ. ಮೊದಲು ಬರುವುದು ಉರಿಯಲ್ಲ, ಒಳಗೊಳಗೇ ಕೆಂಡ. ಹತ್ತು–ಹದಿನೈದು ನಿಮಿಷಕ್ಕೆ ಹೊಗೆ ಕಾಣುತ್ತದೆ. ಇದನ್ನು ಗಮನಿಸದೆ ಮತ್ತೆ ಚಾಲೂ ಮಾಡಿದರೆ ಅದೇ ಫ್ಯಾನ್ ಕೆಂಡವನ್ನು ಊದಿ ಬೆಲ್ಟಿನ ಮೇಲೋ ಹುಲ್ಲಿನ ಮೇಲೋ ಬೀಳಿಸುತ್ತದೆ.

ಇದಕ್ಕೆ ಮದ್ದು ದಿನಕ್ಕೆ ಎರಡು ಸಲ ಗಾಳಿ ಹೊಡೆದು ಹೊಟ್ಟು ಹಾರಿಸುವುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಒಮ್ಮೆ, ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಇನ್ನೊಮ್ಮೆ. ಎರಡನೆಯದನ್ನೇ ಎಲ್ಲರೂ ತಪ್ಪಿಸುವುದು, ಹೊಟ್ಟು ಒಣಗಿ ಹಗುರಾಗಿರುವುದೂ ಅದೇ ಹೊತ್ತಿಗೆ. ನಿಲ್ಲಿಸುವ ಮುನ್ನ ಮೂರರಿಂದ ಐದು ನಿಮಿಷ ಐಡ್ಲಿಂಗ್‌ನಲ್ಲಿ (ಲೋಡಿಲ್ಲದ ನಿಧಾನ ಓಟದಲ್ಲಿ) ಬಿಡಿ, ಟರ್ಬೊ ತಣಿಯಲಿ. ಬ್ಲೋವರ್ ಇಲ್ಲವೇ ಕಂಪ್ರೆಸರ್‌ನಿಂದ ಮೇಲಿನಿಂದ ಕೆಳಕ್ಕೆ ಊದಿ: ಮೊದಲು ರೇಡಿಯೇಟರ್ ಜಾಲರಿ, ಆಮೇಲೆ ಮ್ಯಾನಿಫೋಲ್ಡ್, ಟರ್ಬೊ, ಸೈಲೆನ್ಸರ್ ಬುಡ, ಡೀಸೆಲ್ ಪಂಪಿನ ಸುತ್ತ, ಬ್ಯಾಟರಿ ಪೆಟ್ಟಿಗೆ, ಕೊನೆಗೆ ಬೆಲ್ಟ್, ಪುಲ್ಲಿ, ಬ್ರೇಕ್. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಧೂಳು ಮತ್ತೆ ಅಲ್ಲೇ ಬೀಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಎಲ್ಲಾದರೂ ಹೊಗೆಯಾಡುತ್ತಿದ್ದರೆ ಮಾತ್ರ ಗಾಳಿ ಹೊಡೆಯಬೇಡಿ, ಅದು ಒಲೆ ಊದಿದಂತೆ.

ಎಣ್ಣೆ ಕುಡಿದ ಹೊಟ್ಟು ಗಾಳಿಗೆ ಜಗ್ಗುವುದಿಲ್ಲ. ಅದನ್ನು ಕೆರೆದು ಬಟ್ಟೆಯಿಂದ ಒರೆಸಿ, ಆಮೇಲೆ ಎಣ್ಣೆ ಎಲ್ಲಿಂದ ಜಿನುಗುತ್ತಿದೆ ಎಂದು ಹುಡುಕಿ. ಸಾಮಾನ್ಯವಾಗಿ ಟರ್ಬೊದ ಆಯಿಲ್ ಪೈಪಿನ ಜೋಡಣೆಯಲ್ಲಿ, ಡೀಸೆಲ್ ರಿಟರ್ನ್ ಪೈಪಿನ ಕ್ಲಿಪ್ಪಿನಲ್ಲಿ, ಬಿರುಕು ಬಿಟ್ಟ ಹೈಡ್ರಾಲಿಕ್ ಹೋಸಿನಲ್ಲಿ ಸಿಗುತ್ತದೆ. ಹೈಡ್ರಾಲಿಕ್ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟು ಹಿಡಿದು ನೋಡಿ.

ಹೊಟ್ಟಿನ ನಂತರದ ಸಂಶಯ ಬೇರಿಂಗ್ ಮೇಲೆ. ಶಾಫ್ಟಿಗೆ ಹುಲ್ಲು ಸುತ್ತಿಕೊಂಡು ಸೀಲನ್ನು ಹೊರಗೆ ತಳ್ಳುತ್ತದೆ, ಗ್ರೀಸ್ ಹೋಗುತ್ತದೆ, ಬೇರಿಂಗ್ ಕೆಂಪಗೆ ಕಾಯುತ್ತದೆ. ಕೆಲಸ ನಿಲ್ಲಿಸಿದ ಐದು ನಿಮಿಷದೊಳಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಂದೇ ಶಾಫ್ಟಿನ ಎರಡೂ ತುದಿಯ ಬೇರಿಂಗ್ ನೋಡಿ. ಒಂದು ಇನ್ನೊಂದಕ್ಕಿಂತ 20 ಡಿಗ್ರಿ ಹೆಚ್ಚಿದ್ದರೆ ರಾತ್ರಿಯೇ ಬಿಚ್ಚಿ ನೋಡುವುದು ಕ್ಷೇಮ. ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ ಎಂದರ್ಥ, ಅದೂ ಕಾಯುತ್ತದೆ.

ವೈರಿಂಗ್ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಮಾತು ಸರಿಯೇ ಇರಬಹುದು. ಆದರೂ ಆಮೇಲೆ ಹಾಕಿಸಿದ ಫೋಕಸ್ ಲೈಟು, ಟೇಪ್ ರೆಕಾರ್ಡರ್ ವೈರಿಗೆ ಫ್ಯೂಸ್ ಇದೆಯೇ ನೋಡಿ. ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ ಇಂದೇ ಕಿತ್ತುಹಾಕಿ. ಹಂಗಾಮು ಮುಗಿದು ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿ ವೈರ್ ಕಡಿದಿರುವುದೂ ಉಂಟು.

ಪ್ರಶ್ನೆ: ಸೂರ್ಯಕಾಂತಿ ಕೊಯ್ಯುವಾಗ ಸ್ಥಾಯೀ ವಿದ್ಯುತ್ತಿನಿಂದ ಕಿಡಿ ಹಾರುತ್ತದೆ, ಹಿಂದೆ ಸರಪಳಿ ಎಳೆದುಕೊಂಡು ಹೋಗಬೇಕು ಎನ್ನುತ್ತಾರೆ. ನಿಜವೇ? – ಓದುಗರು, ಗದಗ ಜಿಲ್ಲೆ

ಉತ್ತರ: ಸರಪಳಿಯಿಂದ ಕೆಡುಕೇನೂ ಇಲ್ಲ, ಆದರೆ ಅದನ್ನು ನಂಬಿ ಗಾಳಿ ಹೊಡೆಯುವುದನ್ನು ಬಿಟ್ಟರೆ ಕೆಟ್ಟಿರಿ. ಸೂರ್ಯಕಾಂತಿಯ ಪುಡಿ ಬಲು ಹಗುರ, ದಂಟಿನೊಳಗಿನ ಬೆಂಡು ಸಣ್ಣಗೆ ಪುಡಿಯಾಗಿ ಎಲ್ಲ ಸಂದಿಯಲ್ಲೂ ಕೂರುತ್ತದೆ. ಮೆಕ್ಕೆಜೋಳ, ಸೋಯಾ ಅವರೆಯ ಪುಡಿಗಿಂತ ಕಡಿಮೆ ಕಾವಿಗೇ ಅದು ಹೊತ್ತಿಕೊಳ್ಳುತ್ತದೆ. ಕಿಡಿಯ ಮೂಲ ಇಲ್ಲೂ ಬಿಸಿ ಎಕ್ಸಾಸ್ಟೇ. ಸೂರ್ಯಕಾಂತಿ ಹೊಲದಲ್ಲಿ ಎರಡು–ಮೂರು ಗಂಟೆಗೊಮ್ಮೆ ಗಾಳಿ ಹೊಡೆಯಿರಿ. ಬಿರುಗಾಳಿಯ ಮಧ್ಯಾಹ್ನ ಕೆಲಸ ನಿಲ್ಲಿಸಿ ಸಂಜೆಗೆ ಮುಂದುವರಿಸಿ. ತೊಗರಿ, ಕಡಲೆಗೂ ಇದೇ ಮಾತು, ಸೂರ್ಯಕಾಂತಿಯಷ್ಟು ಬಿಗಿಯಾಗಿ ಅಲ್ಲ.

ಪ್ರಶ್ನೆ: ಯಾವ ಅಗ್ನಿಶಾಮಕ ಸಿಲಿಂಡರ್ ಇಡಬೇಕು? ಎಷ್ಟು? – ಓದುಗರು, ಸಿಂಧನೂರು

ಉತ್ತರ: ಎರಡು ಬಗೆ ಬೇಕು. ಒಂದು 6 ಕಿಲೋದ ಎಬಿಸಿ ಡ್ರೈ ಪೌಡರ್, ಐಎಸ್ಐ ಗುರುತಿನದು: ಡೀಸೆಲ್, ಎಣ್ಣೆ, ವೈರಿಂಗ್ ಬೆಂಕಿಗೆ. ಇನ್ನೊಂದು 9 ಲೀಟರಿನ ನೀರಿನ ಸಿಲಿಂಡರ್: ಹುಲ್ಲಿನ ಕೆಂಡಕ್ಕೆ. ಪೌಡರ್ ಉರಿಯನ್ನು ಆರಿಸುತ್ತದೆಯೇ ಹೊರತು ಹುಲ್ಲಿನೊಳಗಿನ ಕೆಂಡವನ್ನು ತಣಿಸುವುದಿಲ್ಲ, ಅದಕ್ಕೆ ನೀರೇ ಬೇಕು. ನೀರನ್ನು ಮಾತ್ರ ಉರಿಯುವ ಡೀಸೆಲ್ ಮೇಲಾಗಲಿ, ಬ್ಯಾಟರಿ ಮೇಲಾಗಲಿ ಹಾಕಬೇಡಿ.

ಪೌಡರ್ ಸಿಲಿಂಡರ್ ಕ್ಯಾಬಿನ್ನಿನ ಬಾಗಿಲ ಬಳಿ, ನೀರಿನದು ನೆಲದ ಮೇಲೆ ನಿಂತವರ ಕೈಗೆ ಸಿಗುವಂತೆ ಏಣಿಯ ಹತ್ತಿರ ಇರಲಿ. ಸೀಟಿನ ಹಿಂದೆ ತೂರಿಸಿಟ್ಟ ಸಿಲಿಂಡರ್ ಇದ್ದೂ ಇಲ್ಲದಂತೆ. ಗಾಡಿಯ ಅದುರಿಗೆ ಒಳಗಿನ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ತಲೆಕೆಳಗೆ ಮಾಡಿ ಅಲುಗಾಡಿಸಿ, ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡಿ. ಒಂದು ಸೆಕೆಂಡ್ ಒತ್ತಿದ್ದರೂ ಮರಳಿ ತುಂಬಿಸಲೇಬೇಕು, ವಾಲ್ವಿಗೆ ಪುಡಿ ಸಿಕ್ಕಿಕೊಂಡು ಒತ್ತಡ ಸೋರಿಹೋಗುತ್ತದೆ.

ಔಷಧಿ ಸಿಂಪಡಿಸುವ ಎಚ್‌ಟಿಪಿ ಪಂಪ್ ಮನೆಯಲ್ಲಿದ್ದರೆ, 200 ಲೀಟರ್ ಡ್ರಮ್ ನೀರಿನೊಂದಿಗೆ ಟ್ರ್ಯಾಲಿಯಲ್ಲಿಟ್ಟು ಹೊಲದ ಬದುವಿನಲ್ಲಿ ನಿಲ್ಲಿಸಿ. ಸಿಲಿಂಡರ್ ಖಾಲಿಯಾದ ಮೇಲೆ ನೆಲದ ಹುಲ್ಲಿಗೆ ಹತ್ತಿದ ಬೆಂಕಿಗೆ ಕೈಹಿಡಿಯುವುದು ಅದೇ.

ಪ್ರಶ್ನೆ: ಬೆಂಕಿ ಹತ್ತಿಯೇ ಬಿಟ್ಟರೆ ಡ್ರೈವರ್ ಮೊದಲು ಮಾಡಬೇಕಾದದ್ದು ಏನು? – ಓದುಗರು, ಸಿರುಗುಪ್ಪ

ಉತ್ತರ: ಥ್ರೆಷಿಂಗ್ (ತೆನೆ ಬಡಿಯುವ ಭಾಗ) ಲಿವರ್ ಬಂದ್ ಮಾಡಿ, ನಿಂತ ಬೆಳೆಯಿಂದ ಹೊರಗೆ ಬರುವುದು. ಹತ್ತಿರದಲ್ಲಿ ಉಳುಮೆ ಮಾಡಿದ ನೆಲವೋ ದಾರಿಯೋ ಇದ್ದರೆ ಮಾತ್ರ. ಅರ್ಧ ನಿಮಿಷದೊಳಗೆ ಆಗದಿದ್ದರೆ ಇದ್ದಲ್ಲೇ ನಿಲ್ಲಿಸಿ. ಎಂಜಿನ್ ಬಂದ್ ಮಾಡಲೇಬೇಕು: ಓಡುವ ಎಂಜಿನ್ ಬೆಂಕಿಗೆ ಡೀಸೆಲ್ಲನ್ನೂ ಗಾಳಿಯನ್ನೂ ಒದಗಿಸುತ್ತಿರುತ್ತದೆ. ಕಟ್ ಆಫ್ ಸ್ವಿಚ್ ಕೈಗೆಟುಕುವಂತಿದ್ದರೆ ಬ್ಯಾಟರಿ ಕತ್ತರಿಸಿ, ಸಿಲಿಂಡರ್ ಹಿಡಿದು ಇಳಿಯಿರಿ. ಜೊತೆಗಿದ್ದವರು 112ಕ್ಕೆ ಫೋನ್ ಮಾಡಿ ಊರಿನ ಹೆಸರಷ್ಟೇ ಅಲ್ಲ, ಯಾವ ಕಾಲುವೆ, ಯಾವ ದಾರಿ ಎಂದೂ ಹೇಳಲಿ. ಒಬ್ಬರು ದಾರಿಯ ತಿರುವಿನಲ್ಲಿ ನಿಲ್ಲಲಿ.

ಗಾಳಿ ನಿಮ್ಮ ಬೆನ್ನಿಗಿರಬೇಕು. ಎಂಜಿನ್ ಮುಚ್ಚಳವನ್ನು ಪೂರ್ತಿ ತೆರೆದರೆ ಉರಿ ಮುಖಕ್ಕೆ ಬರುತ್ತದೆ, ಸ್ವಲ್ಪ ಸರಿಸಿ ಸಂದಿಯಿಂದ ಹೊಡೆಯಿರಿ. ಪಿನ್ ಎಳೆದು, ಎರಡು–ಮೂರು ಮೀಟರ್ ದೂರದಿಂದ ಉರಿಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಆಡಿಸಿ. 6 ಕಿಲೋ ಸಿಲಿಂಡರ್ ಮುಗಿಯುವುದು 15–20 ಸೆಕೆಂಡಿನಲ್ಲಿ. ಎರಡೂ ಖಾಲಿಯಾಗಿ ಉರಿ ಆರದಿದ್ದರೆ ಗಾಡಿಯ ಆಸೆ ಬಿಟ್ಟು ದೂರ ಸರಿಯಿರಿ. ಟೈರ್ ಸಿಡಿಯುತ್ತದೆ, ಹೋಸ್ ಒಡೆದು ಎಣ್ಣೆ ಚಿಮ್ಮುತ್ತದೆ. ಆಗ ಉಳಿಸಬೇಕಾದದ್ದು ಪಕ್ಕದ ಬೆಳೆ: ಇನ್ನೊಂದು ಟ್ರ್ಯಾಕ್ಟರ್ ಇದ್ದರೆ ಗಾಳಿ ಬೀಸುವ ದಿಕ್ಕಿನಲ್ಲಿ, ಉರಿಗಿಂತ ಸಾಕಷ್ಟು ಮುಂದೆ, ನೇಗಿಲಿನಿಂದ ಮೂರು–ನಾಲ್ಕು ಸಾಲು ಮಗುಚಿ ಹಾಕಿ. ಆರಿದ ಮೇಲೂ ಒಂದು ಗಂಟೆಯಾದರೂ ಅಲ್ಲೇ ಕಾವಲಿರಿ.

ಪ್ರಶ್ನೆ: ಧಾನ್ಯ ಸುರಿಯುವ ಪೈಪ್ ಕರೆಂಟ್ ತಂತಿಗೆ ತಗುಲಿದರೆ? – ಓದುಗರು, ಮಾನ್ವಿ

ಉತ್ತರ: ಕ್ಯಾಬಿನ್ನಿನಲ್ಲೇ ಕೂತಿರಿ, ಹಿಂದಕ್ಕೆ ತೆಗೆದು ಬಿಡಿಸಿಕೊಳ್ಳಲು ಆದರೆ ತೆಗೆಯಿರಿ. ಯಾರೂ ಹತ್ತಿರ ಬರದಂತೆ ಕೂಗಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಏಣಿ ಹಿಡಿದು ಇಳಿಯಬೇಡಿ. ಎರಡೂ ಕಾಲು ಜೋಡಿಸಿ ಒಮ್ಮೆಲೇ ಹಾರಿ, ಗಾಡಿಯನ್ನು ಮುಟ್ಟದೆ, ಪಾದಗಳನ್ನು ಬಿಡಿಸದೆ ಸಣ್ಣಗೆ ಜಾರಿಸುತ್ತ ಹತ್ತು ಮೀಟರ್‌ಗಿಂತ ದೂರ ಹೋಗಿ. ನೆಲದಲ್ಲೂ ವಿದ್ಯುತ್ ಹರಿಯುತ್ತಿರುತ್ತದೆ, ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಯುತ್ತದೆ. ಜೋತುಬಿದ್ದ ತಂತಿ ಇರುವ ಹೊಲಕ್ಕೆ ಇಳಿಯುವ ಮುನ್ನವೇ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಿ, ಪೈಪನ್ನು ಮಡಚಿಟ್ಟೇ ಓಡಾಡಿ.

ಪ್ರಶ್ನೆ: ಥರ್ಡ್ ಪಾರ್ಟಿ ವಿಮೆ ಇದೆ, ಗಾಡಿ ಸುಟ್ಟರೆ ಹಣ ಬರುತ್ತದೆಯೇ? – ಓದುಗರು, ಕಾರಟಗಿ

ಉತ್ತರ: ನಿಮ್ಮ ಗಾಡಿಗೆ ಬರುವುದಿಲ್ಲ. ಅದಕ್ಕೆ ಸಮಗ್ರ ವಿಮೆ ಬೇಕು. ಸುಟ್ಟ ಬೆಳೆಗೆ ಫಸಲ್ ಬಿಮಾವನ್ನು (ಸರ್ಕಾರದ ಬೆಳೆ ವಿಮೆ) ನೆಚ್ಚಿಕೊಳ್ಳಬೇಡಿ: ಅದರಲ್ಲಿರುವುದು ಸಿಡಿಲಿನಂಥ ನೈಸರ್ಗಿಕ ಬೆಂಕಿ, ಯಂತ್ರದಿಂದ ಹತ್ತಿದ್ದಲ್ಲ.